ಎರ್ರಮಿಟ್ಟದ ಮಜ್ಜಿಗೆ

ಪಾವಗಡ ದಾಟಿ, ಆಂಧ್ರದ ಗಡಿಗೆ ಬೆನ್ನು ಕೊಟ್ಟು ಕೂತ ಊರು ಕಂಬದಹಟ್ಟಿ. ಊರ ಹಿಂದೆ ಒಂದು ಹಳ್ಳ, ಹಳ್ಳ ದಾಟಿದರೆ ಎರ್ರಮಿಟ್ಟ. ಈಚೆಯ ಮಕ್ಕಳು ಕನ್ನಡ ಶಾಲೆಗೆ ಹೋದರೆ ಆಚೆಯ ಮಕ್ಕಳು ತೆಲುಗು ಶಾಲೆಗೆ ಹೋಗುತ್ತಾರೆ. ಓಟು ಬೇರೆ, ರೇಷನ್ ಬೇರೆ, ಪೊಲೀಸ್ ಠಾಣೆ ಬೇರೆ. ಆದರೆ ಮೇಯುವ ಕುರಿಗೆ ಗಡಿ ಗೊತ್ತಿಲ್ಲ, ಹೆಣ್ಣು ಕೊಟ್ಟು ತರುವವರು ಗೊತ್ತಿದ್ದರೂ ಲೆಕ್ಕಕ್ಕೆ ಇಟ್ಟಿಲ್ಲ. ಹೀಗಾಗಿ ಇಲ್ಲಿ ಹುಟ್ಟುವ ಜಗಳಗಳು ತಲೆಯನ್ನು ಈಚೆಗೆ, ಕಾಲನ್ನು ಆಚೆಗೆ ಹಾಕಿ ಮಲಗಿರುತ್ತವೆ.

ಅವನ್ನು ಎಬ್ಬಿಸಿ ಕಳಿಸಲು ಈಚೆ ಒಂದು ಕಟ್ಟೆ, ಆಚೆ ಒಂದು ಕಟ್ಟೆ. ಈಚೆಯ ಅರಳಿಕಟ್ಟೆಯ ಯಜಮಾನ ಓಬಳಯ್ಯ. ಆಚೆಯ ಬೇವಿನಕಟ್ಟೆಯ ಯಜಮಾನ ನರಸಿಂಹರಾಜು. ಕೋರ್ಟಿಗೆ ಹೋಗುವವರು ಹೋಗುತ್ತಾರೆ, ಬೇಡವೆಂದವರಾರೂ ಇಲ್ಲ. ಆದರೆ ಬದುವಿನ ಜಗಳ, ಕುರಿಯ ಜಗಳ, ಸೊಸೆ ಮುನಿಸಿಕೊಂಡು ತವರಿಗೆ ಹೋದ ಜಗಳ ಇವೆಲ್ಲ ಈ ಎರಡು ಮರಗಳ ಕೆಳಗೇ ಬಗೆಹರಿಯುತ್ತಾ ಬಂದಿವೆ.

ಎರಡು ಕಟ್ಟೆಗಳ ನಡುವೆ ಒಂದು ರೂಢಿ. ಮಾತು ಮುಗಿದ ಮೇಲೆ ಎರಡೂ ಪಕ್ಷದವರು ಒಂದೇ ಚೊಂಬಿನ ಮಜ್ಜಿಗೆಯನ್ನು ಎತ್ತಿ ಕುಡಿಯಬೇಕು. ಕುಡಿದರೆ ಮುಗಿಯಿತು. ಒಂದು ಕಡೆ ಸೋತವನು ಇನ್ನೊಂದು ಕಡೆಗೆ ಓಡಿಬಂದರೆ ಅಲ್ಲಿನ ಯಜಮಾನ ಮೊದಲು ಕೇಳುವುದು ಒಂದೇ ಮಾತು: ಅಲ್ಲಿ ಮಜ್ಜಿಗೆ ಕುಡಿದಿದ್ದೀಯೇನಪ್ಪಾ? ಹೌದು ಎಂದರೆ ಒಂದು ಲೋಟ ನೀರು ಕೊಟ್ಟು ಕಳಿಸಿಬಿಡುತ್ತಾರೆ. ನೀರು ಕೊಟ್ಟದ್ದು ಬಂದವನಿಗೆ ಮಾಡಿದ ಮರ್ಯಾದೆ. ಮಜ್ಜಿಗೆ ಕೊಡದೆ ಇದ್ದದ್ದು ಆಚೆಯ ಕಟ್ಟೆಗೆ ಮಾಡಿದ ಮರ್ಯಾದೆ. ಇದು ಇಲ್ಲದಿದ್ದರೆ ಯಾವ ಜಗಳವೂ ಮುಗಿಯುತ್ತಿರಲಿಲ್ಲ. ಸೋತವನು ಹಳ್ಳ ದಾಟುತ್ತಿದ್ದ, ಅಲ್ಲಿ ಸೋತವನು ಈಚೆಗೆ ದಾಟುತ್ತಿದ್ದ, ಹಳ್ಳದ ಮರಳೆಲ್ಲ ಸವೆದುಹೋಗುತ್ತಿತ್ತು.

ಓಬಳಯ್ಯ ಈ ರೂಢಿಯನ್ನು ಚಿಕ್ಕ ವಯಸ್ಸಿನಿಂದ ಪಾಲಿಸಿಕೊಂಡು ಬಂದವನು. ನರಸಿಂಹರಾಜುವಿನ ಅಪ್ಪ ಆಚೆ ಕೂತಿದ್ದಾಗ ಆ ಮುದುಕನೂ ಓಬಳಯ್ಯನೂ ಒಬ್ಬರ ಮಾತನ್ನು ಒಬ್ಬರು ಹೊತ್ತು ನಡೆದವರು. ಮುದುಕ ತೀರಿಕೊಂಡ ಮೇಲೆ ಮಗ ಹಿಂದೂಪುರದಿಂದ ಬಂದು ಕಟ್ಟೆ ಹತ್ತಿದ. ನನ್ನ ಹತ್ತಿರ ನಾಲ್ಕು ಬುದ್ಧಿಮಾತು ಕೇಳಲು ಇಂದು ಬಂದಾನು, ನಾಳೆ ಬಂದಾನು ಎಂದು ಓಬಳಯ್ಯ ಕಾದ. ಅವನು ಬರಲಿಲ್ಲ. ಅವನ ಹೆಸರು ಬಂತು. ಬಸ್ಸಿನಲ್ಲಿ ಬಂತು, ಮೊಬೈಲಿನಲ್ಲಿ ಬಂತು, ಕೊನೆಗೆ ಓಬಳಯ್ಯನ ಮನೆಯ ಒಲೆಯ ಮುಂದೆಯೇ ಬಂದು ಕೂತಿತು.

“ರಾಜುಗಾರು ಕಟ್ಟೆ ಸುತ್ತ ಸಿಮೆಂಟ್ ಬೆಂಚು ಹಾಕ್ಸವ್ರಂತೆ,” ಎಂದಳು ಹೆಂಡತಿ ಗಂಗಲಕ್ಷ್ಮಿ, ಮುದ್ದೆ ಕಟ್ಟುತ್ತಾ. “ಹೆಂಗಸ್ರಿಗೇ ಬ್ಯಾರೆ ಬೆಂಚಂತೆ. ಮೊದ್ಲು ಅವ್ರ ಮಾತೇ ಕೇಳ್ತಾರಂತೆ.”

“ಬೆಂಚು ನ್ಯಾಯ ಹೇಳ್ತದಾ?”

“ಬೆಂಚು ಹೇಳಲ್ಲ. ಕೂತೋರು ಸಮಾಧಾನವಾಗಿ ಹೇಳ್ತಾರೆ. ನಿಮ್ಮ ಕಟ್ಟೆ ಮುಂದೆ ನಿಂತೂ ನಿಂತೂ ಮಂಡಿ ನೋವು ಬಂದು, ಆಯ್ತು ಬುಡಪ್ಪಾ ನೀನು ಹೇಳಿದ್ದೇ ಸರಿ ಅಂತಾರೆ.”

ಓಬಳಯ್ಯ ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿದ. ಅದು ಇಳಿಯುವಷ್ಟು ಸುಲಭವಾಗಿ ಈ ಮಾತು ಇಳಿಯಲಿಲ್ಲ.

ಒಲೆಯ ಬೆಂಕಿಗೆ ಸೌದೆ ಬೇಕು, ಹೊಟ್ಟೆಯ ಬೆಂಕಿಗೆ ದಾರಿಹೋಕನೊಬ್ಬ ಸಾಕು. ಒಂದು ದಿನ ಶಿರಾ ಕಡೆಯ ಕುರಿ ವ್ಯಾಪಾರಿಯೊಬ್ಬ ಟೆಂಪೋ ನಿಲ್ಲಿಸಿ, ಅರಳಿಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ ಓಬಳಯ್ಯನನ್ನೇ ದಾರಿ ಕೇಳಿದ.

“ಯಜಮಾನ್ರೇ, ಎರ್ರಮಿಟ್ಟಕ್ಕೆ ರಸ್ತಾ ಯಾವ್ದು? ಅಲ್ಲಿ ರಾಜು ಸಾಹೇಬ್ರು ಇದಾರಂತಲ್ಲ, ಇನ್ಸಾಫ್ ಮಾಡೋರು. ಹುಲಿಕುಂಟೆಯೋನು ಒಬ್ಬ ನನ್ನ ಕುರಿ ಹಿಡ್ಕೊಂಡು ಕೂತವ್ನೆ.”

“ಹುಲಿಕುಂಟೆ ಇರೋದು ಶಿರಾ ತಾಲ್ಲೂಕಲ್ಲಿ. ನೀನೂ ಶಿರಾದೋನು. ಅಷ್ಟು ದೂರ ಯಾಕಪ್ಪ ಬಂದೆ?”

“ಅವರ ಜುಬಾನ್ ಖರಾ, ಆಡಿದ ಮಾತು ತಪ್ಪಲ್ಲ ಅಂತಾರೆ ಎಲ್ರೂ.”

“ಈ ಊರಲ್ಲೂ ಒಂದು ಕಟ್ಟೆ ಐತೆ.”

ವ್ಯಾಪಾರಿ ಕಟ್ಟೆಯನ್ನು ನೋಡಿದ, ಬಿರುಕಿನಲ್ಲಿ ಹುಟ್ಟಿದ್ದ ಗಿಡವನ್ನು ನೋಡಿದ, ಓಬಳಯ್ಯನನ್ನು ನೋಡಿದ. “ಹೌದಾ? ಒಳ್ಳೇದು,” ಎಂದು ಟೆಂಪೋ ಹತ್ತಿದ. ಓಬಳಯ್ಯ ಕೈ ತೋರಿಸಿದ ದಿಕ್ಕಿನಲ್ಲೇ ಹೋದ. ತಪ್ಪು ದಾರಿ ತೋರಿಸುವಷ್ಟು ಕೆಳಗೆ ಅವನು ಇಳಿದಿರಲಿಲ್ಲ. ಆದರೆ ಆ ರಾತ್ರಿ ಊಟ ಮಾಡಲಿಲ್ಲ.

ಹೀಗಿರುವಾಗ ಪಾಲಾಕ್ಷನ ಮೊಮ್ಮಗಳ ಮಾತು ಎದ್ದಿತು.

ಪಾಲಾಕ್ಷ ಕಂಬದಹಟ್ಟಿಯವನೇ. ಇದ್ದ ಒಬ್ಬ ಮಗನಿಗೆ ಎರ್ರಮಿಟ್ಟದಿಂದ ಧನಲಕ್ಷ್ಮಿ ಎಂಬ ಹುಡುಗಿಯನ್ನು ತಂದಿದ್ದ. ಮಗ ಮಡಕಶಿರಾ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಹೋಗಿಬಿಟ್ಟ. ತಿಂಗಳ ಕಾರ್ಯ ಮುಗಿದ ಮೇಲೆ ಧನಲಕ್ಷ್ಮಿ ಮಗಳು ಲೋಹಿತಾಳ ಕೈ ಹಿಡಿದು ಹಳ್ಳ ದಾಟಿ ತವರಿಗೆ ಹೋದಳು. ಅಲ್ಲಿ ಹೊಲಿಗೆ ಕೆಲಸ ಹಿಡಿದಳು, ಮಗುವನ್ನು ಅಲ್ಲಿನ ಶಾಲೆಗೆ ಸೇರಿಸಿದಳು. ಮಗನನ್ನು ಕಳೆದುಕೊಂಡ ಪಾಲಾಕ್ಷನ ಕಣ್ಣಿಗೆ ಉಳಿದದ್ದು ಆ ಮೊಮ್ಮಗಳೊಬ್ಬಳೇ. ಮಗು ಯಾವ ಊರಿನಲ್ಲಿದೆಯೋ ಅಲ್ಲೇ ಮಾತು ಆಡಬೇಕು ಎಂಬುದೂ ಹಳೆಯ ರೂಢಿ. ಹಾಗಾಗಿ ಪಾಲಾಕ್ಷ ನರಸಿಂಹರಾಜುವಿನ ಮುಂದೆ ಹೋಗಿ ನಿಂತ.

ಅಲ್ಲಿ ಆದ ತೀರ್ಮಾನ ಇಷ್ಟು: ಮಗು ತಾಯಿಯ ಹತ್ತಿರ ಇರಬೇಕು. ಶನಿವಾರ ಶಾಲೆ ಬಿಟ್ಟ ಮೇಲೆ ತಾತನ ಮನೆಗೆ ಬರಬೇಕು, ಭಾನುವಾರ ಹೊತ್ತು ಮುಳುಗುವುದರೊಳಗೆ ತಾಯಿಯ ಹತ್ತಿರ ಸೇರಬೇಕು. ಪಾಲಾಕ್ಷನೂ ಧನಲಕ್ಷ್ಮಿಯೂ ಮಜ್ಜಿಗೆ ಕುಡಿದರು. ಕೆಲವು ತಿಂಗಳು ಹಾಗೆಯೇ ನಡೆಯಿತು.

ಆ ಭಾನುವಾರ ಮಧ್ಯಾಹ್ನ ಪಾಲಾಕ್ಷ ಓಬಳಯ್ಯನ ಜಗಲಿಗೆ ಬಂದು ಕೂತ.

“ಅಣ್ಣಾ, ಮಗೀಗೆ ಕನ್ನಡ ಮರ್ತೇ ಹೋಗ್ತೈತೆ. ನೀರು ಬೇಕಾ ಅಂದ್ರೆ ನೀಳ್ಳು ಕಾವಾಲಿ ಅಂತಾಳೆ. ನನ್ನ ಮಗ ಆಡಿದ್ ಮಾತು ಆ ಬಾಯಲ್ಲಿ ಉಳೀಬೇಕಲ್ವಾ?”

“ಉಳೀಬೇಕು.”

“ವಾರಕ್ಕೊಂದು ರಾತ್ರಿ ಅಂದ್ರೆ ಏನು? ಅಂಗಡೀಲಿ ರುಚಿ ನೋಡೋಕೆ ಚೂರು ಬೆಲ್ಲ ಕೊಟ್ಟಂಗೆ. ನಾನು ಆವತ್ತೇ ನಿನ್ ಹತ್ರ ಬಂದಿದ್ರೆ ಇಂಗಾಗ್ತಿರ್ಲಿಲ್ಲ ಕಣಣ್ಣ. ನಿನ್ನ ಮುಂದೆ ಆ ರಾಜು ಯಾವ ಲೆಕ್ಕ? ಹಾಲು ಕುಡಿಯೋ ಮಗ.”

ಪಾಲಾಕ್ಷ ಇದನ್ನು ಉಪಾಯವಾಗಿ ಆಡಿದನೋ ನೋವಿಗೆ ಆಡಿದನೋ, ಅದು ನೇರವಾಗಿ ಓಬಳಯ್ಯನ ತುರಿಕೆ ಇದ್ದ ಜಾಗವನ್ನೇ ಕೆರೆಯಿತು. ಅಲ್ಲಿ ಮಜ್ಜಿಗೆ ಕುಡಿದಿದ್ದೀಯೇನಪ್ಪಾ ಎಂಬ ಮಾತು ಅವನ ನಾಲಿಗೆಯ ತುದಿಯವರೆಗೆ ಬಂದಿತ್ತು. ಅದನ್ನು ಎಲೆಯಡಿಕೆಯ ಜೊತೆ ಒಂದು ಕೆನ್ನೆಗೆ ಒತ್ತರಿಸಿಕೊಂಡ.

“ಇವತ್ತು ಕಳಿಸಬೇಡ,” ಎಂದ. “ನಾಳೆ ಕಟ್ಟೆ ಮೇಲೆ ಕೂರಾನ.”

ಹೊತ್ತು ಮುಳುಗಿತು. ಮಗು ಬಾರದ್ದನ್ನು ಕಂಡು ಧನಲಕ್ಷ್ಮಿ ತಾನೇ ಹಳ್ಳ ದಾಟಿ ಬಂದಳು. ಪಾಲಾಕ್ಷ ಯಜಮಾನನ ಕಡೆಗೆ ಕೈ ತೋರಿಸಿದ. ಅವಳು ಓಬಳಯ್ಯನ ಅಂಗಳಕ್ಕೆ ಬಂದು ಸೆರಗು ಹೊದ್ದು ನಿಂತಳು.

“ನನ್ನ ಬಿಡ್ಡ ಎಲ್ಲಿ ಮಾವಾ?”

“ಮಗು ಎಲ್ಲೂ ಹೋಗಿಲ್ಲ ಕಣಮ್ಮ. ತಾತನ ಮನೇಲೈತೆ. ನಾಳೆ ಕಟ್ಟೆ ಕೂರ್ತೈತೆ, ನೀನೂ ಬಾ. ಏನು ಹೇಳೋದಿದ್ರೂ ಹೇಳು.”

“ಹೇಳೋದು ಅಲ್ಲೇ ಹೇಳಿ ಆಯ್ತು. ಅಲ್ಲಿ ಮಜ್ಜಿಗೆ ಕುಡಿದಿದೀನಿ, ಇಲ್ಲಿ ಇನ್ನೊಂದು ಚೊಂಬು ಕುಡಿಯಲ್ಲ.” ಅವಳ ದನಿ ಏರಲಿಲ್ಲ. “ನೀವು ಕೇಳಬೇಕಾದ ಮಾತು ಕೇಳಲಿಲ್ಲ. ನಾನೇ ಹೇಳ್ತಿದೀನಿ.”

ಗಂಗಲಕ್ಷ್ಮಿ ಒಳಗಿನಿಂದ ನೀರು ತಂದು ಅವಳ ಕೈಗೆ ಕೊಟ್ಟಳು. ಧನಲಕ್ಷ್ಮಿ ಒಂದು ಗುಟುಕು ಕುಡಿದು ಲೋಟ ಇಟ್ಟು ನಡೆದಳು. ಪಾಲಾಕ್ಷನ ಮನೆಯ ಮುಂದೆ ನಿಂತು ಮಗುವಿನ ಕೂದಲು ಸವರಿ, ನಾಳೆ ಬರುತ್ತೇನೆ ಎಂದು ಸುಳ್ಳು ಹೇಳಿ ಹೋದಳಂತೆ.

ಸೋಮವಾರ ಕಟ್ಟೆಯ ಮೇಲೆ ಜನ ಸೇರಿದರು. ಬಹಳ ದಿನದ ಮೇಲೆ ಅಷ್ಟು ಜನ ಸೇರಿದ್ದನ್ನು ಕಂಡು ಓಬಳಯ್ಯ ಹೆಗಲ ಮೇಲಿನ ಟವೆಲನ್ನು ಎರಡು ಸಲ ಸರಿಮಾಡಿಕೊಂಡ. ಯಜಮಾನ ಮಜ್ಜಿಗೆಯ ಮಾತನ್ನು ಕೇಳುತ್ತಾನೆ, ಮಾತು ಅಲ್ಲಿಗೆ ಮುಗಿಯುತ್ತದೆ ಎಂದೇ ಎಲ್ಲರೂ ಕಾದರು. ಅವನು ಕೇಳಲಿಲ್ಲ. ಪಾಲಾಕ್ಷನ ಕಥೆಯನ್ನು ಮೊದಲಿಂದ ಕೊನೆಯವರೆಗೆ, ಇಂದೇ ಹುಟ್ಟಿದ ಜಗಳವೆಂಬಂತೆ ಕೇಳಿದ. ಆಮೇಲೆ, “ಮಗು ಸದ್ಯಕ್ಕೆ ಈಚೆಗೇ ಇರ್ಲಿ. ಆಚೆಯೋರು ಬಂದು ನಮ್ಮನ್ನ ಕೇಳ್ಲಿ,” ಎಂದ.

ಸೇರಿದವರು ಮುಖ ಮುಖ ನೋಡಿಕೊಂಡರು. ಯಾರೂ ಎದುರು ಆಡಲಿಲ್ಲ. ಯಾರೂ ಹೌದು ಎನ್ನಲೂ ಇಲ್ಲ.

ಓಬಳಯ್ಯನ ಲೆಕ್ಕ ಬೇರೆಯೇ ಇತ್ತು. ನರಸಿಂಹರಾಜು ಸಿಟ್ಟಾಗಿ ಬರಬೇಕು. ಬಂದು ಈ ಬಿರುಕುಬಿಟ್ಟ ಕಟ್ಟೆಯ ಮುಂದೆ ನಿಲ್ಲಬೇಕು. ನಮ್ಮ ಮಾತು ಉಳಿಸಿಕೊಡಿ ಯಜಮಾನರೇ ಎನ್ನಬೇಕು. ಆಗ ತಾನು ದೊಡ್ಡ ಮನಸ್ಸು ಮಾಡಿ ಮಗುವನ್ನು ಕಳಿಸಬೇಕು. ಮಗುವನ್ನು ತಾಯಿಯಿಂದ ಅಗಲಿಸುವುದು ಅವನಿಗೆ ಬೇಕಿರಲಿಲ್ಲ. ಅವನಿಗೆ ಬೇಕಿದ್ದದ್ದು ಆ ಒಂದು ಗಳಿಗೆ, ಆ ಬಿಳಿ ಪಂಚೆಯ ರಾಜು ತನ್ನ ಮುಂದೆ ನಿಂತಿರುವ ಗಳಿಗೆ.

ನರಸಿಂಹರಾಜು ಬರಲಿಲ್ಲ. ಅವನ ಮಾತು ಬಂತು, ಅದೂ ಹಾಲಿನವನ ಬಾಯಲ್ಲಿ. ಧನಲಕ್ಷ್ಮಿಯ ಅಣ್ಣ ಪೊಲೀಸರ ಹತ್ತಿರ ಹೋಗುತ್ತೇನೆಂದು ಹಾರಾಡಿದಾಗ ನರಸಿಂಹರಾಜು ತಡೆದನಂತೆ. “ಓಬಳಯ್ಯನೋರು ಮಜ್ಜಿಗೆ ಮಾತು ಮೀರೋರಲ್ಲ, ಏನೋ ಕಾರಣ ಇರ್ತದೆ, ನಾಲ್ಕು ದಿನ ನೋಡಾಣ,” ಎಂದನಂತೆ.

ಬೈದಿದ್ದರೆ ಓಬಳಯ್ಯ ನಕ್ಕುಬಿಡುತ್ತಿದ್ದ. ಹೊಗಳಿದ್ದು ಕೆಂಡದ ಮೇಲೆ ಒಣಮೆಣಸಿನಕಾಯಿ ಬಿದ್ದಂತಾಯಿತು.

ಅಂದು ಸಾಯಂಕಾಲ ಲೋಹಿತಾ ಆಡುತ್ತಾ ಓಬಳಯ್ಯನ ಜಗಲಿಗೇ ಬಂದಳು. ಶಾಲೆಯ ಸಮವಸ್ತ್ರವನ್ನೇ ಹಾಕಿಕೊಂಡಿದ್ದಳು.

“ತಾತಾ, ಇವತ್ತು ಸೋಮಾರ ಅಲ್ವಾ? ಸ್ಕೂಲಿಗೆ ಯಾಕೆ ಕಳಿಸಲಿಲ್ಲ?”

“ಒಂದೆರಡು ದಿನ ರಜ ಕಣವ್ವಾ.”

“ಇಲ್ಲಿ ಎಲ್ರೂ ಸ್ಕೂಲಿಗೆ ಹೋದ್ರು. ನಂಗೊಬ್ಬಳಿಗೇ ರಜನಾ?” ಅವಳು ಸ್ವಲ್ಪ ಯೋಚಿಸಿದಳು. “ನಮ್ಮಮ್ಮ ಮಜ್ಜಿಗೆ ಕುಡಿದಳಲ್ಲ, ಆವತ್ತು ನಾನೂ ಸ್ವಲ್ಪ ಕುಡಿದೆ. ಉಪ್ಪು ಜಾಸ್ತಿ ಇತ್ತು.”

ಓಬಳಯ್ಯ ಎದ್ದು ಒಳಗೆ ಹೋದ. ಮಗುವಿನ ಕೈಗೆ ಕಡಲೆಕಾಯಿ ಬೆಲ್ಲ ಕೊಟ್ಟು ಕಳಿಸಿದ ಗಂಗಲಕ್ಷ್ಮಿ ಗಂಡನ ಕಡೆ ತಿರುಗಿ, “ಅಲ್ಲಿ ಮಜ್ಜಿಗೆ ಕುಡಿದೆ ಅಂದ ಮಗು ಮಾತಿಗೂ ನೀವು ಹೊಟ್ಟೆಕಿಚ್ಚು ಪಡ್ತೀರೇನು?” ಎಂದಳು.

ಮಾರನೆಯ ದಿನ ಓಬಳಯ್ಯ ಮಧುಗಿರಿಯ ಬಸ್ಸು ಹತ್ತಿದ. ಅಲ್ಲಿ ಮೋಹನ್ ಕುಮಾರ್ ಎಂಬ ವಕೀಲ. ಅವನ ಅಪ್ಪ ದೊಡ್ಡೇರಿ ಕಡೆಯವನು, ಓಬಳಯ್ಯನ ಹಳೆಯ ಗೆಳೆಯ. ಕೋರ್ಟಿನ ಎದುರು ಟೀ ಅಂಗಡಿಯಲ್ಲಿ ಕೂತು ಓಬಳಯ್ಯ ವಿಷಯವನ್ನೆಲ್ಲ ಹೇಳಿದ. ಅವನು ಬಂದದ್ದು ಒಂದು ಮಾತಿಗಾಗಿ: ಆಂಧ್ರದವನು ಹೇಳಿದ್ದು ಕರ್ನಾಟಕದಲ್ಲಿ ನಡೆಯುವುದಿಲ್ಲ ಎಂದು ಕರಿಕೋಟಿನವನ ಬಾಯಿಂದ ಕೇಳಬೇಕು.

“ದೊಡ್ಡಪ್ಪಾ, ಕಾನೂನು ಕೇಳಿದ್ರೆ ಅವರ ಕಟ್ಟೆ ಮಾತೂ ನಡೆಯಲ್ಲ, ನಿಮ್ಮ ಕಟ್ಟೆ ಮಾತೂ ನಡೆಯಲ್ಲ,” ಎಂದ ಮೋಹನ್ ಕುಮಾರ್, ಟೀ ಊದುತ್ತಾ. “ತಂದೆ ಇಲ್ಲ ಅಂದ್ಮೇಲೆ ತಾಯೀನೇ ಪೋಷಕಿ. ಆಯಮ್ಮ ಅರ್ಜಿ ಹಾಕಿದ್ರೆ ಪಾಲಾಕ್ಷಪ್ಪ ತೊಂದ್ರೆಗೆ ಸಿಕ್ಕೊಳ್ತಾರೆ.”

“ಅದು ಬುಡು. ಗಡಿ ಆಚೆ ಹೇಳಿದ್ದನ್ನ ಗಡಿ ಈಚೆಯೋನು ಯಾಕೆ ಕೇಳಬೇಕು? ಅದನ್ನ ಹೇಳು.”

ಮೋಹನ್ ಕುಮಾರ್ ನಕ್ಕ. “ಇದೇ ಪ್ರಶ್ನೆ ದೇಶ ದೇಶಗಳ ಮಧ್ಯೆಯೂ ಇದೆ. ಗಂಡ ಹೆಂಡ್ತಿ ಲಂಡನ್ನಲ್ಲಿದ್ರು ಅಂತ ಇಟ್ಕೊಳ್ಳಿ. ಮಗು ತಾಯಿ ಹತ್ರ ಇರ್ಲಿ ಅಂತ ಅಲ್ಲಿನ ಕೋರ್ಟು ಹೇಳ್ತು. ಅಪ್ಪ ಮಗೂನ ಎತ್ಕೊಂಡು ಇಲ್ಲಿಗೆ ಬಂದು ಹೊಸದಾಗಿ ಕೇಸು ಹಾಕ್ದ. ನಮ್ಮ ಜಡ್ಜು ಏನು ಮಾಡ್ತಾರೆ?”

“ನಮ್ಮ ದೇಶ, ನಮ್ಮ ಜಡ್ಜು. ಮೊದಲಿಂದ ಕೇಳ್ತಾನೆ.”

“ಅಲ್ಲಿ ಏನು ಹೇಳಿದಾರೆ ಅನ್ನೋದನ್ನ ಗೌರವದಿಂದ ನೋಡ್ತಾರೆ. ಹಂಗಂತ ಕಣ್ಣು ಮುಚ್ಕೊಂಡು ಒಪ್ಪಲ್ಲ. ಅದರಿಂದ ಮಗೂಗೆ ಕೆಡುಕು ಅನ್ನಿಸಿದ್ರೆ ಬೇರೆ ದಾರಿ ಹಿಡೀತಾರೆ. ನಿಮ್ಮ ಲೋಹಿತಾಗೆ ತಾಯಿ ಹತ್ರ ಏನಾದ್ರೂ ಕೆಡುಕು ಇದೆಯಾ?”

“ಇಲ್ಲ. ಚೆನ್ನಾಗಿ ನೋಡ್ಕೊಂಡವ್ಳೆ.”

“ಮತ್ತೆ?”

ಓಬಳಯ್ಯ ಟೀ ಲೋಟವನ್ನು ತಿರುಗಿಸಿದ. “ಅಂಗಾದ್ರೆ ಲಂಡನ್ ಜಡ್ಜು ನಮ್ಮೋನಿಗಿಂತ ದೊಡ್ಡೋನು ಅನ್ನು.”

“ಯಾರೂ ದೊಡ್ಡೋರಲ್ಲ ದೊಡ್ಡಪ್ಪಾ. ಅದಕ್ಕೇ ಈ ಮರ್ಯಾದೆ ಬೇಕಾಗಿರೋದು. ಒಬ್ಬ ದೊಡ್ಡೋನಾಗಿದ್ರೆ ಹುಕುಂ ಸಾಕಾಗ್ತಿತ್ತು. ಇವತ್ತು ನಾನು ನಿಮ್ಮ ತೀರ್ಪು ಒದ್ದರೆ ನಾಳೆ ನೀವು ನಂದು ಒದೀತೀರಿ. ಕೊನೆಗೆ ಒದೆ ಬೀಳೋದು ಮಗೂಗೆ.”

ಟೀ ಕಾಸನ್ನು ಕೊಡಲು ಇಬ್ಬರೂ ಜಗಳವಾಡಿ ಓಬಳಯ್ಯನೇ ಗೆದ್ದ. ಆ ದಿನ ಅವನು ಗೆದ್ದದ್ದು ಅದೊಂದೇ. ಬಸ್ಸಿನ ಕಿಟಕಿಯಲ್ಲಿ ಮಧುಗಿರಿಯ ಬೆಟ್ಟ ಹಿಂದೆ ಸರಿಯುತ್ತಾ ಹೋಯಿತು. ವಕೀಲ ಆಡಿದ್ದು ಹೊಸ ಮಾತೇನಲ್ಲ. ಅದೇ ಮಾತನ್ನು ಓಬಳಯ್ಯ ಎಳೆಯ ವಯಸ್ಸಿನಲ್ಲಿ ನರಸಿಂಹರಾಜುವಿನ ಅಪ್ಪನ ಬಾಯಲ್ಲಿ ಕೇಳಿದ್ದ. ಸರಿ ಎಂದು ಗೊತ್ತಿತ್ತು. ಸರಿ ಎಂದು ಗೊತ್ತಿದ್ದದ್ದನ್ನು ಮಾಡಲು ಹೊರಟಾಗಲೆಲ್ಲ ಆ ಸಿಮೆಂಟ್ ಬೆಂಚುಗಳು ಕಣ್ಣ ಮುಂದೆ ಬಂದು ಕೂರುತ್ತಿದ್ದವು. ನಾನೇ ಕಳಿಸಿದರೆ ಅವನು ಗೆದ್ದಂತೆ. ಇಲ್ಲ, ಅವನೇ ಬರಲಿ. ಬಂದು ಕೇಳಲಿ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಸುಳ್ಳಲ್ಲ. ಕಂಬದಹಟ್ಟಿಯಲ್ಲಿ ಮಜ್ಜಿಗೆಯ ಮಾತು ಮುರಿಯಿತಂತೆ ಎಂಬ ಸುದ್ದಿ ಸುತ್ತಲ ಹಳ್ಳಿಗಳಿಗೆ ಹರಿಯಿತು. ಅದನ್ನು ಕೇಳಿ ಮೊದಲು ಕಿವಿ ನಿಮಿರಿಸಿದವನು ಇದೇ ಊರಿನ ರಂಗೇಶ್.

ರಂಗೇಶ್ ಮತ್ತು ಚಿಕ್ಕಕ್ಕನ ಹೊಲಗಳು ಅಕ್ಕಪಕ್ಕದವು. ಚಿಕ್ಕಕ್ಕ ಹಿಂದಿಲ್ಲದ ಮುಂದಿಲ್ಲದ ವಿಧವೆ. ತನ್ನ ಹೊಲಕ್ಕೆ ಹೋಗಬೇಕಾದರೆ ರಂಗೇಶನ ಹೊಲದ ಅಂಚನ್ನು ತುಳಿಯಲೇಬೇಕು. ಅವನು ಬೇಲಿ ಹಾಕಿದ್ದ. ಓಬಳಯ್ಯ ಎರಡು ದಿನ ಹೊಲದಲ್ಲಿ ತಾನೇ ತಿರುಗಾಡಿ, ಗಾಡಿ ಹೋಗುವಷ್ಟು ಅಗಲದ ದಾರಿ ಬಿಡಿಸಿ ಮಜ್ಜಿಗೆ ಕುಡಿಸಿದ್ದ. ಅವನು ಹೇಳಿದ ತೀರ್ಮಾನಗಳಲ್ಲೆಲ್ಲ ಜನ ಇಂದಿಗೂ ನೆನೆಯುವುದು ಅದನ್ನೇ. ಈಗ ರಂಗೇಶನಿಗೆ ಬಾಗಿಲು ಕಂಡಿತು. ಓಬಳಯ್ಯ ರಾಜುವಿನ ಮಾತು ಮುರಿದ ಮೇಲೆ ರಾಜು ಓಬಳಯ್ಯನ ಮಾತು ಮುರಿಯದೆ ಬಿಟ್ಟಾನೆಯೇ? ಅವನು ಬೈಕು ಹತ್ತಿ ಎರ್ರಮಿಟ್ಟಕ್ಕೆ ಹೋದ.

ಗುರುವಾರ ಬೆಳಿಗ್ಗೆ ಚಿಕ್ಕಕ್ಕ ಓಬಳಯ್ಯನ ಅಂಗಳಕ್ಕೆ ಬಂದಳು. ವಯಸ್ಸಿನಲ್ಲಿ ಅವನಿಗಿಂತ ದೊಡ್ಡವಳು, ಅವನನ್ನು ಹೆಸರು ಹಿಡಿದೇ ಕರೆಯುವವಳು.

“ಏನ್ಲಾ ಓಬಳಾ, ಕೂತಿದೀಯಾ? ಕೂತ್ಕೋ. ನನ್ನ ದಾರೀದು ಆಗ್ಲೇ ಹೆಣ ಎತ್ತೋಕೆ ಹೊರಟಿದ್ರು.”

“ಯಾರು?”

“ರಂಗೇಶ. ರಾಜು ಹತ್ರ ಹೋಗಿ ಕಾಲಿಗೆ ಬಿದ್ದನಂತೆ. ಓಬಳಯ್ಯ ನಿಮ್ಮ ಮಾತಿಗೆ ಕಿಮ್ಮತ್ತು ಕೊಡಲಿಲ್ಲ, ನೀವ್ಯಾಕೆ ಅವನ ಮಾತಿಗೆ ಕೊಡ್ತೀರಾ, ಬಂದು ಹೊಲ ನೋಡಿ ಅಂದನಂತೆ.”

ಓಬಳಯ್ಯ ಕೂತಲ್ಲಿಂದ ಎದ್ದ. ಗಂಗಲಕ್ಷ್ಮಿ ಒಳಗಿನ ಕೆಲಸ ಬಿಟ್ಟು ಬಾಗಿಲಿಗೆ ಬಂದಳು.

“ರಾಜು ಏನಂದ?” ಎಂದ ಓಬಳಯ್ಯ.

“ಮಜ್ಜಿಗೆ ಕುಡಿದಿದೀಯಾ ಅಂದನಂತೆ. ಹೂಂ ಅಂದ ಇವನು. ಒಂದು ಲೋಟ ನೀರು ಕೊಟ್ಟನಂತೆ. ಓಬಳಯ್ಯನೋರ ಕಟ್ಟೇಲಿ ಮುಗಿದದ್ದು ನನ್ನ ಕಟ್ಟೇಲೂ ಮುಗೀತು, ಎದ್ದು ಹೋಗಪ್ಪ ಅಂದನಂತೆ. ಸುತ್ತ ಇದ್ದೋರು ಕೇಳಿದ್ರಂತೆ, ಅವ್ರು ನಿಮ್ದು ಮುರಿದ್ರಲ್ಲಾ ಸ್ವಾಮಿ ಅಂತ. ಅವರದ್ದು ಅವರು ನೋಡ್ಕೋತಾರೆ, ನಂದು ನಾನು ನೋಡ್ಕೋತೀನಿ ಅಂದನಂತೆ.” ಚಿಕ್ಕಕ್ಕ ಬಾಯಲ್ಲಿದ್ದ ಎಲೆಯಡಿಕೆಯನ್ನು ಉಗಿದು ಬಂದಳು. “ನನ್ನ ದಾರಿ ಉಳಿಸಿದೋನು ನೀನು ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಿದ್ದೆ. ಇನ್ಮೇಲೆ ಏನು ಹೇಳ್ಲೋ? ನೀನು ಕೊಟ್ಟೆ, ಅವನು ಉಳಿಸಿದ ಅನ್ಲಾ?”

ಅವಳು ಹೋದ ಮೇಲೆ ಓಬಳಯ್ಯ ಕಂಬಕ್ಕೆ ಒರಗಿ ಕೂತ. ಚಿಕ್ಕಕ್ಕ ಬಾಯಿ ಬಿಟ್ಟು ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದು ಹೆಚ್ಚು ಉರಿಯಿತು. ತನ್ನ ಬದುಕಿನ ಒಳ್ಳೆಯ ತೀರ್ಮಾನ ಈಗ ನರಸಿಂಹರಾಜುವಿನ ಮರ್ಯಾದೆಯ ಮೇಲೆ ನಿಂತಿತ್ತು. ಅವನ ಬೆಂಚನ್ನು ಸಹಿಸಬಹುದು, ಅವನ ಹೆಸರನ್ನು ಸಹಿಸಬಹುದು. ಓಬಳಯ್ಯ ಇಷ್ಟು ವರ್ಷ ತನ್ನದೆಂದು ಎದೆಗೆ ಅಪ್ಪಿಕೊಂಡಿದ್ದ ರೂಢಿಯನ್ನೇ ಅವನು ಎತ್ತಿಕೊಂಡು ಹೋದನಲ್ಲ. ಇನ್ನು ಹಳ್ಳದ ಎರಡೂ ಕಡೆ ಮಜ್ಜಿಗೆಯ ಮಾತು ಎಂದರೆ ಜನ ಯಾರ ಹೆಸರು ಹೇಳುತ್ತಾರೆ?

“ಒಳ್ಳೇತನದಲ್ಲೂ ಅವನೇ ಮುಂದೆ ಹೋಗಬೇಕಾ?” ಎಂದ, ಯಾರಿಗೂ ಅಲ್ಲದ ಹಾಗೆ.

“ಓಡಿ ಹಿಡೀರಿ ಮತ್ತೆ,” ಎಂದಳು ಗಂಗಲಕ್ಷ್ಮಿ. “ಹಳ್ಳ ಏನು ಸಮುದ್ರನಾ?”

ಅವನು ಎದ್ದ. ಒಗೆದ ಅಂಗಿ ಹಾಕಿಕೊಂಡು ಪಾಲಾಕ್ಷನ ಮನೆಗೆ ಹೋದ.

“ಪಾಲಾಕ್ಷ, ಮಗೂನ ಹೊರಡಿಸು.”

“ಯಾಕಣ್ಣ? ನೀನೇ ಇರ್ಲಿ ಅಂದ್ಯಲ್ಲ.”

“ಅಂದೆ. ಮಜ್ಜಿಗೆ ಕುಡಿದಿದೀಯಾ ಅಂತ ಭಾನುವಾರವೇ ಕೇಳಬೇಕಿತ್ತು. ಈಗ ಕೇಳ್ತಿದೀನಿ. ಕುಡಿದಿದೀಯಾ?”

ಪಾಲಾಕ್ಷ ತಲೆ ತಗ್ಗಿಸಿದ. “ಕುಡಿದಿದೀನಿ.”

“ಹಂಗಾದ್ರೆ ನಾನು ಹೇಳೋಕೆ ಏನೂ ಇಲ್ಲ.”

ಪಾಲಾಕ್ಷನ ಕಣ್ಣು ತುಂಬಿತು. “ನನ್ನ ಹೊಟ್ಟೆ ಸಂಕಟ ಯಾರಿಗೆ ಹೇಳ್ಲಣ್ಣ?”

“ನಾನು ರಾಜೂನ ಕೇಳಿ ಬರ್ತೀನಿ. ಹೇಳೋಕೆ ಅಲ್ಲ, ಕೇಳೋಕೆ ಹೋಗ್ತೀನಿ,” ಎಂದ ಓಬಳಯ್ಯ. ಆ ಮಾತು ಆಡುವಾಗ ಬಾಯಲ್ಲಿ ಬೇವಿನೆಲೆ ಅಗಿದಂತಾಯಿತು.

ಲೋಹಿತಾ ದಾರಿಯುದ್ದಕ್ಕೂ ಮಾತಾಡಿದಳು. ಹಳ್ಳದ ಮರಳಿನಲ್ಲಿ ಓಬಳಯ್ಯನ ಚಪ್ಪಲಿ ಹೂತಾಗ ಅವಳೇ ಎಳೆದು ಕೊಟ್ಟಳು. ಮರಳಿಗೆ ತೆಲುಗಿನಲ್ಲಿ ಇಸುಕ ಎನ್ನುತ್ತಾರೆ ಎಂದು ಹೇಳಿಕೊಟ್ಟಳು. ತನಗೆ ಗೊತ್ತಿಲ್ಲವೇ ಎಂದು ಓಬಳಯ್ಯ ರೇಗಿದ. ಗೊತ್ತಿದ್ದರೆ ಯಾಕೆ ಹೇಳಲಿಲ್ಲ ಎಂದಳು ಅವಳು.

ಬೇವಿನಕಟ್ಟೆಯ ಸುತ್ತ ಜನ ಕೂತಿದ್ದರು. ಓಬಳಯ್ಯ ಅಷ್ಟು ದೂರದಲ್ಲಿ ಕಾಣುತ್ತಲೇ ನರಸಿಂಹರಾಜು ಮಾತು ನಿಲ್ಲಿಸಿ ಎದ್ದ. ಕಟ್ಟೆಯಿಂದ ಇಳಿದು ಎದುರಿಗೆ ನಡೆದು ಬಂದ.

“ರಾಂಡಿ ಅಣ್ಣಾ, ಬನ್ನಿ. ಹೇಳಿ ಕಳಿಸಿದ್ರೆ ನಾನೇ ಬರ್ತಿದ್ದೆನಲ್ಲ.”

ಇದನ್ನು ಮೊದಲೇ ಯಾಕೆ ಮಾಡಲಿಲ್ಲ ಎಂದು ಓಬಳಯ್ಯ ಕೇಳಬಹುದಿತ್ತು. ಬರಲಿ ಎಂದು ಕಾಯುವುದರಲ್ಲೇ ತಾನು ಒಂದು ಸಲವೂ ಹೇಳಿ ಕಳಿಸಿರಲಿಲ್ಲ ಎಂಬುದು ಆ ಗಳಿಗೆಯಲ್ಲಿ ಹೊಳೆದು ನಾಲಿಗೆ ಹಿಂದೆ ಸರಿಯಿತು. ಹತ್ತಿರದಿಂದ ನೋಡಿದ. ನರಸಿಂಹರಾಜುವಿನ ಪಂಚೆ ಹಾಲಿನಂತೆ ಬೆಳ್ಳಗಿತ್ತು. ಓಬಳಯ್ಯನದು ಮಂಡಿಯವರೆಗೆ ಮರಳಾಗಿತ್ತು.

“ನಿಮ್ಮ ಕಟ್ಟೆ ಮಾತಿನ ಮಗು,” ಎಂದ. “ನಾಲ್ಕು ದಿನ ತಡವಾಯ್ತು. ತಡ ನನ್ನದು, ಪಾಲಾಕ್ಷಂದಲ್ಲ.”

ಜನ ಕೇಳುವಂತೆಯೇ ಹೇಳಿದ. ನರಸಿಂಹರಾಜು ಕಾರಣ ಕೇಳಲಿಲ್ಲ. ಧನಲಕ್ಷ್ಮಿಯನ್ನು ಕರೆತರಲು ಒಬ್ಬನನ್ನು ಓಡಿಸಿದ, ಓಬಳಯ್ಯನನ್ನು ತನ್ನ ಪಕ್ಕದಲ್ಲಿ ಕೂರಿಸಿಕೊಂಡ. ಕಾರಣ ಕೇಳಿದ್ದರೆ ಓಬಳಯ್ಯನಿಗೆ ಎಷ್ಟೋ ಹಗುರವಾಗುತ್ತಿತ್ತು.

“ಒಂದು ಮಾತು ಕೇಳಬೇಕು ರಾಜು,” ಎಂದ. “ಪಾಲಾಕ್ಷ ಒಂಟಿಯಾಗವ್ನೆ. ಮಗೂಗೆ ಕನ್ನಡ ಮರೀತೈತೆ. ಬ್ಯಾಸಗೆ ರಜ ಪೂರ್ತಿ ತಾತನ ಮನೇಲಿ ಬುಡೋಕಾಗ್ತದಾ? ಇದು ತೀರ್ಮಾನ ಅಲ್ಲ. ಕೇಳ್ತಿದೀನಿ.”

ನರಸಿಂಹರಾಜು ಗಡ್ಡ ಸವರಿಕೊಂಡ. “ಮುಗಿದ ಮಾತನ್ನ ನಾನೂ ಬಿಚ್ಚೋಕಾಗಲ್ಲ ಅಣ್ಣಾ. ತಾಯಿ ತಾನಾಗಿ ಕೊಟ್ಟರೆ ಕಟ್ಟೆಗೆ ಅಡ್ಡಿಯಿಲ್ಲ. ಆಯಮ್ಮನ್ನೇ ಕೇಳಿ.”

ಹೀಗೆ, ಸೊಸೆಯ ವಯಸ್ಸಿನ ಹೆಣ್ಣುಮಗಳ ಮುಂದೆ ಓಬಳಯ್ಯ ಕೇಳಬೇಕಾಯಿತು. ಧನಲಕ್ಷ್ಮಿ ಓಡಿಕೊಂಡೇ ಬಂದಿದ್ದಳು, ಬ್ಲೌಸಿನ ಮೇಲೆ ದಾರದ ಚೂರುಗಳು ಅಂಟಿದ್ದವು. ಮಗುವನ್ನು ಎತ್ತಿಕೊಂಡು ಕುತ್ತಿಗೆಯಲ್ಲಿ ಮುಖವಿಟ್ಟಳು. ಆಮೇಲೆ ಅವನ ಮಾತನ್ನು ಪೂರ್ತಿ ಕೇಳಿದಳು.

“ಬೇಸಿಗೆ ಮಾತು ಬೇಸಿಗೇಲಿ ಮಾವಾ,” ಎಂದಳು. “ಈ ಶನಿವಾರ ಕಳಿಸಲ್ಲ. ನಂಗೆ ಧೈರ್ಯ ಇಲ್ಲ. ಬರೋ ವಾರ ನಾನೇ ಕರ್ಕೊಂಡು ಬರ್ತೀನಿ. ಇವಳು ಎಷ್ಟು ಹೊತ್ತು ಇರ್ತಾಳೋ ಅಷ್ಟು ಹೊತ್ತು ನಾನೂ ಅಲ್ಲೇ ಕೂತಿದ್ದು, ಜೊತೇಲೇ ವಾಪಸ್ ಬರ್ತೀನಿ.”

“ರಾತ್ರಿ ಉಳಿಯಲ್ವಾ?”

“ಉಳಿಯಲ್ಲ.”

ಓಬಳಯ್ಯ ನರಸಿಂಹರಾಜುವಿನ ಮುಖ ನೋಡಿದ. ನರಸಿಂಹರಾಜು ನೆಲ ನೋಡಿದ. ಪಾಲಾಕ್ಷನಿಗೆ ಸಿಕ್ಕಿದ್ದ ವಾರದ ಒಂದು ರಾತ್ರಿಯೂ ಹೋಗಿತ್ತು. ಅದನ್ನು ಕಳೆದದ್ದು ಯಾರೆಂದು ಅಲ್ಲಿ ಕೂತಿದ್ದವರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಆ ಸುಮ್ಮನಿರುವಿಕೆಯೂ ನರಸಿಂಹರಾಜು ಕಲಿಸಿದ್ದೇ ಇರಬೇಕು ಎನ್ನಿಸಿ ಓಬಳಯ್ಯನಿಗೆ ಮತ್ತೆ ಒಳಗೆ ಚುರ್ ಎಂದಿತು.

ಹೊತ್ತು ಇಳಿಯುವಾಗ ಅವನು ಪಾಲಾಕ್ಷನ ಬಾಗಿಲಲ್ಲಿ ನಿಂತು ನಡೆದದ್ದನ್ನು ಹೇಳಿದ. ಒಂದನ್ನೂ ಮುಚ್ಚಲಿಲ್ಲ, ಒಂದಕ್ಕೂ ಬಣ್ಣ ಹಚ್ಚಲಿಲ್ಲ. ಪಾಲಾಕ್ಷ ಬೈಯುತ್ತಾನೆ ಎಂದುಕೊಂಡಿದ್ದ. ಪಾಲಾಕ್ಷ ಕೇಳಿದ್ದು ಬೇರೆಯೇ.

“ಅವಳೂ ಬರ್ತಾಳಂತಾ?”

“ಬರ್ತಾಳಂತೆ. ಸಾಯಂಕಾಲದವರೆಗೆ ಇರ್ತಾಳಂತೆ.”

“ನನ್ನ ಮಗ ಹೋದ ಮೇಲೆ ಅವಳು ಈ ಮನೇಲಿ ಕೂತಿಲ್ಲ,” ಎಂದ ಪಾಲಾಕ್ಷ. ಒಳಗೆ ತಿರುಗಿ ನೋಡಿದ. ನಡುಮನೆಯ ಮಂಚದ ತುಂಬ ಕಡಲೆಕಾಯಿ ಮೂಟೆಗಳಿದ್ದವು. “ಕೂರೋಕೆ ಜಾಗ ಬೇಕಲ್ಲ. ಅಣ್ಣಾ, ಈ ಮೂಟೆಗೆ ಆ ಕಡೆಯಿಂದ ಒಂದು ಕೈ ಹಾಕು.”

ಓಬಳಯ್ಯ ಟವೆಲನ್ನು ಸೊಂಟಕ್ಕೆ ಬಿಗಿದು ಒಳಗೆ ಬಂದ.